ಆ ಎರಡನೇ ಗಂಟಿಗೂ ಬಯಾಪ್ಸಿ ಮಾಡಿಸು

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆ, ಶ್ವಾಸಕೋಶದಲ್ಲೂ ಒಂದು ಗಂಟು ಇರುವ ರೋಗಿ ನಿನ್ನ ಪಾಲಿಗೆ ಬಂದಿದ್ದಾರೆ ಎಂದು ಬರೆದಿದ್ದೀಯ. ಸ್ಕ್ಯಾನ್ ನೋಡಿ ‘ಕರುಳಿನದೇ ಹರಡಿದೆ’ ಎಂದು ಬರೆದುಬಿಡಬೇಡ ಮಗೂ; ಅದು ಶ್ವಾಸಕೋಶದಲ್ಲೇ ಹುಟ್ಟಿದ ಬೇರೆ ಕ್ಯಾನ್ಸರ್ ಆಗಿರಬಹುದು. ಹಾಗಿದ್ದೂ ಹರಡಿದೆ ಎಂದು ಬರೆದರೆ, ಗುಣವಾಗಬಹುದಾದ ಎರಡು ಕಾಯಿಲೆಗಳು ಕಾಗದದ ಮೇಲೆ ನಾಲ್ಕನೇ ಹಂತದ ಒಂದೇ ಕಾಯಿಲೆಯಾಗುತ್ತವೆ. ಒಮ್ಮೆ ಫೈಲಿಗೆ ಸೇರಿದ ಮಾತನ್ನು ಆಮೇಲೆ ಯಾರೂ ಕೆದಕುವುದಿಲ್ಲ.

ಪೆಥಾಲಜಿಗೆ ಕಳಿಸುವ ಚೀಟಿಯಲ್ಲಿ ಎರಡೂ ಗಡ್ಡೆಗಳ ವಿಷಯ ಬರೆ; ಜೀವಕೋಶದ ಪ್ರೋಟೀನುಗಳಿಗೆ ಬಣ್ಣ ಹಿಡಿಸಿ ಅದರ ಮೂಲ ಹುಡುಕುವ ಇಮ್ಯುನೊಹಿಸ್ಟೊಕೆಮಿಸ್ಟ್ರಿ ಪರೀಕ್ಷೆ ಕೇಳು. ಗಂಟಿನ ಜೀವಕೋಶಗಳು ಶ್ವಾಸಕೋಶದ ಗುರುತಾದ ಟಿಟಿಎಫ್-1ಕ್ಕೆ ಬಣ್ಣ ಹಿಡಿದು, ಕರುಳಿನ ಗುರುತುಗಳಾದ ಸಿಡಿಎಕ್ಸ್2, ಸಿಕೆ20ಕ್ಕೆ ಹಿಡಿಯದಿದ್ದರೆ ಅದು ಬಹುತೇಕ ಶ್ವಾಸಕೋಶದಲ್ಲೇ ಹುಟ್ಟಿದ್ದು; ಅದಲುಬದಲಾದರೆ ಕರುಳಿನ ಕಡೆಗೆ ವಾಲುತ್ತದೆ. ಆದರೆ ಲೋಳೆ ತುಂಬಿದ ಶ್ವಾಸಕೋಶದ ಗಡ್ಡೆ ಕೆಲವೊಮ್ಮೆ ಕರುಳಿನ ಗುರುತನ್ನೇ ತೋರಿಸುತ್ತದೆ. ಆದ್ದರಿಂದ ಎರಡು ಸ್ಲೈಡುಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲು ವಿನಂತಿಸು. ಯಕೃತ್ತಿನಲ್ಲೂ ಚುಕ್ಕೆ ಕಂಡರೆ ಅದು ಯಾವುದರ ಕೂಸು ಎಂಬುದಕ್ಕೆ ಇನ್ನೊಂದು ಬಯಾಪ್ಸಿಯೇ ಬೇಕು. ಕರುಳಿನ ಗಡ್ಡೆಗೆ ಎಂಎಂಆರ್ (ಡಿಎನ್ಎ ತಪ್ಪು ತಿದ್ದುವ ಪ್ರೋಟೀನುಗಳು), ಶ್ವಾಸಕೋಶದ್ದಕ್ಕೆ ಔಷಧಿ ಆರಿಸಲು ನೆರವಾಗುವ ಜೀನುಗಳಾದ ಇಜಿಎಫ್‌ಆರ್, ಎಎಲ್‌ಕೆ ಪರೀಕ್ಷೆ ಆಗಲಿ. ಹಂತವನ್ನು ಎರಡಕ್ಕೂ ಬೇರೆಬೇರೆಯಾಗಿ ಬರೆ.

ಯಾವುದಕ್ಕೆ ಮೊದಲು ಕೈಹಾಕಬೇಕು? ಜೀವಕ್ಕೆ ಬೇಗ ಎರವಾಗುವುದಕ್ಕೆ. ಕರುಳು ಕಟ್ಟಿಕೊಂಡಿದ್ದರೆ, ರಕ್ತ ಹೋಗುತ್ತಿದ್ದರೆ ಅದೇ ಮೊದಲು. ಶ್ವಾಸಕೋಶದ್ದು ಸಣ್ಣದಾಗಿದ್ದು, ಎರಡನೇ ಆಪರೇಷನ್ ತಡೆಯುವ ಶಕ್ತಿ ಇಲ್ಲದಿದ್ದರೆ, ಗಡ್ಡೆಗೇ ಗುರಿಯಿಟ್ಟು ಹೆಚ್ಚು ಡೋಸ್ ಕೊಡುವ ಸ್ಟೀರಿಯೊಟ್ಯಾಕ್ಟಿಕ್ ರೇಡಿಯೇಷನ್ ಬಗ್ಗೆ ಯೋಚಿಸಬಹುದು. ಇದನ್ನು ನೀನೊಬ್ಬಳೇ ತೀರ್ಮಾನಿಸಬೇಡ. ಸರ್ಜನ್, ರೇಡಿಯೇಷನ್‌ನವರು, ಪೆಥಾಲಜಿಸ್ಟ್ ಎಲ್ಲರೂ ಟ್ಯೂಮರ್ ಬೋರ್ಡಿನಲ್ಲಿ ಒಟ್ಟಿಗೆ ಕೂತು ಒಂದೇ ಯೋಜನೆ ಬರೆಯಲಿ.

ಹೆಚ್ಚು ಎಡವುವುದು ಕೀಮೊದಲ್ಲಿ. ಎರಡು ಕಾಯಿಲೆಯ ಎರಡು ಪೂರ್ತಿ ಕೋರ್ಸುಗಳನ್ನು ಒಂದರ ಮೇಲೊಂದು ಹೇರಿದರೆ ರೋಗಕ್ಕಿಂತ ಮೊದಲು ಅಸ್ಥಿಮಜ್ಜೆ ಸೋಲುತ್ತದೆ. ಕರುಳಿಗೆ ಕೊಡುವ ಆಕ್ಸಾಲಿಪ್ಲಾಟಿನ್, ಶ್ವಾಸಕೋಶಕ್ಕೆ ಕೊಡುವ ಸಿಸ್‌ಪ್ಲಾಟಿನ್, ಪ್ಯಾಕ್ಲಿಟ್ಯಾಕ್ಸೆಲ್ ಮೂರೂ ನರಗಳನ್ನು ಕೆಡಿಸುತ್ತವೆ. ಮೊದಲನೆಯದರ ಹಾನಿಯ ಮೇಲೆ ಎರಡನೆಯದು ಕೂಡಿಕೊಳ್ಳುತ್ತದೆ. ಪ್ರತಿ ಸೈಕಲ್‌ಗೂ ಮುಂಚೆ ‘ಅಂಗಿ ಗುಂಡಿ ಹಾಕಲು ಬರುತ್ತದೆಯೇ?’ ಎಂದು ಕೇಳು. ಗುಂಡಿ ಜಾರುತ್ತಿದ್ದರೆ ಡೋಸ್ ಇಳಿಸುವ ಅಥವಾ ನಿಲ್ಲಿಸುವ ಮಾತು ಅವತ್ತೇ ಆಗಬೇಕು. ಸಿಸ್‌ಪ್ಲಾಟಿನ್‌ಗೆ ಮುಂಚೆ ಮೂತ್ರಪಿಂಡದ ಶಕ್ತಿ ತೋರಿಸುವ ಕ್ರಿಯಾಟಿನಿನ್ ಕ್ಲಿಯರೆನ್ಸ್ ನೋಡದೆ ಸಹಿ ಹಾಕಬೇಡ. ಗಡ್ಡೆಗೆ ಹೊಸ ರಕ್ತನಾಳ ಬೆಳೆಯದಂತೆ ತಡೆಯುವ ಬೆವಾಸಿಝುಮ್ಯಾಬ್ ನಡೆಯುತ್ತಿದ್ದರೆ ಯೋಜಿತ ಆಪರೇಷನ್‌ಗೆ ಕನಿಷ್ಠ 28 ದಿನ ಮೊದಲೇ ನಿಲ್ಲಿಸು, ಇಲ್ಲದಿದ್ದರೆ ಗಾಯ ಸರಿಯಾಗಿ ಮಾಯದೆ ಹೋಗಬಹುದು.

ಮುಂದಿನ ಸ್ಕ್ಯಾನ್‌ನಲ್ಲಿ ಒಂದು ಕುಗ್ಗಿ ಇನ್ನೊಂದು ಬೆಳೆದಿದ್ದರೆ ಗಾಬರಿಯಾಗಬೇಡ. ಎರಡರ ಅಳತೆಯನ್ನೂ ಪ್ರತ್ಯೇಕ ಸಾಲಿನಲ್ಲಿ ಬರೆದಿಟ್ಟಿದ್ದರೆ, ಔಷಧಿ ಯಾವುದಕ್ಕೆ ನಾಟಿದೆ, ಯಾವುದಕ್ಕೆ ನಾಟಿಲ್ಲ ಎಂದು ಅಲ್ಲೇ ಕಾಣುತ್ತದೆ.

ಬಯಾಪ್ಸಿ ವರದಿ ಬಂದ ಕೂಡಲೇ ನನಗೆ ಬರೆ.

ಇಂತಿ,
ನಿನ್ನ ದೊಡ್ಡಪ್ಪ