ಹಾಡು ಬೇಡವೆಂದ ಮಗಳಿಗೆ

ಧಾರವಾಡ
ಸೋಮವಾರ, ರಾತ್ರಿ

ಪ್ರೀತಿಯ ಮಗಳೇ,

ಮಂಗಳವಾರ ನೀನು ಆ ಸುದ್ದಿ ಹೇಳಿದಾಗ ನನ್ನ ಬಾಯಿಗೆ ಮೊದಲು ಬಂದದ್ದು ಹಾಡಿನ ಸಾಲು. ‘ಅಮ್ಮ, ಈಗ ಹಾಡು ಬೇಡ’ ಎಂದು ನೀನು ಫೋನ್ ಇಟ್ಟುಬಿಟ್ಟೆ. ನಾಲ್ಕು ತಿಂಗಳು ಹೊತ್ತ ಕೂಸನ್ನು ಕಳೆದುಕೊಂಡವಳನ್ನು ನಾನು ಮೊದಲು ‘ನೋವಿದೆಯಾ, ಏನಾದರೂ ತಿಂದೆಯಾ’ ಎಂದು ಕೇಳಬೇಕಿತ್ತು. ತಪ್ಪಾಯಿತು. ಆಮೇಲೆ ಎಷ್ಟೋ ಸಲ ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟಿದ್ದೇನೆ.

ಅದು ಯೇಸು ನಮಗೆಂಥ ಮಿತ್ರ ಎನ್ನುವ ಹಾಡು. ಬರೆದ ಜೋಸೆಫ್ ಸ್ಕ್ರಿವೆನ್ ಐರ್ಲೆಂಡಿನವನು. ಮದುವೆಯ ಹಿಂದಿನ ದಿನ ಅವನ ಹುಡುಗಿ ನೀರಿನಲ್ಲಿ ಮುಳುಗಿ ಸತ್ತಳು. ಅವನು ಕೆನಡಾಕ್ಕೆ ಹೋದ. 1855ರಲ್ಲಿ ಊರಿನಲ್ಲಿದ್ದ ತಾಯಿಗೆ ಕಷ್ಟ ಬಂದಾಗ ಅವಳ ಸಮಾಧಾನಕ್ಕೆಂದು ಆ ಸಾಲುಗಳನ್ನು ಬರೆದು ಕಳಿಸಿದ. ಅವನಿದ್ದ ಪೋರ್ಟ್ ಹೋಪ್ ನಿಮ್ಮ ಒಂಟಾರಿಯೋ ಸರೋವರದ ದಂಡೆಯಲ್ಲೇ ಇದೆ. ಸಭೆಯಲ್ಲಿ ಹಾಡಲೆಂದು ಬರೆದದ್ದಲ್ಲ, ಸಮುದ್ರ ದಾಟಿ ಮನೆಗೆ ಹೋದ ಕಾಗದ ಅದು. ಅದಕ್ಕೇ ನನಗೆ ಆ ಹಾಡಿನ ಮೇಲೆ ಅಷ್ಟು ನಂಬಿಕೆ.

ನಿನ್ನ ಅಪ್ಪನವರನ್ನು ಮಣ್ಣು ಮಾಡಿದ ದಿನದ ಬಗ್ಗೆ ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಅಂದು ನಾನು ಹಾಡಲಿಲ್ಲ. ಅಷ್ಟು ವರ್ಷ ಗಾಯನ ತಂಡದಲ್ಲಿ ಮುಂದೆ ನಿಂತವಳು, ಸಂಗೀತ ಪುಸ್ತಕ ತೆರೆದು ಸುಮ್ಮನೆ ನಿಂತಿದ್ದೆ. ನನ್ನ ಅವ್ವನ ಪುಸ್ತಕ. ಆ ಹಾಡಿನ ಪುಟದ ಮೂಲೆಯಲ್ಲಿ ಅವಳ ಹೆಬ್ಬೆರಳಿನ ಅರಿಸಿನದ ಗುರುತಿದೆ. ಅದನ್ನೇ ನೋಡುತ್ತಿದ್ದೆ. ಪಕ್ಕದಲ್ಲಿದ್ದ ಮುದುಕಿಗೆ ಶ್ರುತಿ ಕೂಡುತ್ತಿರಲಿಲ್ಲ; ನನ್ನ ಮೊಣಕೈ ಹಿಡಿದುಕೊಂಡು ಒಂದು ಚರಣವನ್ನೂ ಬಿಡದೆ ಹಾಡಿದಳು. ಅವಳ ಉಸಿರು ಸಾಲದೆ ಹೋದಾಗ ಹಿಂದೆ ನಿಂತವರು ಎತ್ತಿಕೊಂಡರು. ನನಗೆ ದೇವರ ಮೇಲೆ ಸಿಟ್ಟಿತ್ತು, ಮಗಳೇ. ಆ ಸಿಟ್ಟಿನಲ್ಲೇ ಕೇಳಿದೆ. ಮುಂದೆ ಮೂರು ತಿಂಗಳು, ಪ್ರತಿ ಭಾನುವಾರ, ಅದೇ ಅರಿಸಿನದ ಗುರುತು ನೋಡುತ್ತ ನಿಲ್ಲುತ್ತಿದ್ದೆ. ಬೇರೆಯವರು ಹಾಡುತ್ತಿದ್ದರು. ಒಂದು ದಿನ ನನಗೆ ತಿಳಿಯದೆಯೇ ತುಟಿ ಅಲುಗಾಡಿತು. ಇದನ್ನು ನಿನಗೆ ಅಂದೇ ಹೇಳಬೇಕಿತ್ತು. ಗಟ್ಟಿಗಿತ್ತಿ ತಾಯಿ ಎಂದು ನೀನು ನಂಬಿದ್ದೆ, ಹೇಳಲಾಗಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಭಾರ ಎತ್ತಬೇಡ. ಅಳಿಯಂದಿರ ಮೇಲೆ ರೇಗಬೇಡ, ಅವರೂ ಕೂಸನ್ನು ಕಳೆದುಕೊಂಡವರೇ. ಪ್ರಾರ್ಥನೆ ಬಿಡಬೇಡ, ಬಾಯಿಂದ ಮಾತು ಬಾರದಿದ್ದರೆ ದೇವಾಲಯದ ಕೊನೆಯ ಬೆಂಚಿನಲ್ಲಾದರೂ ಹೋಗಿ ಕೂರು, ಒಬ್ಬಳೇ ಮನೆಯಲ್ಲಿ ಇದ್ದು ಇದ್ದು ಮನಸ್ಸು... ಮತ್ತೆ ಉಪದೇಶಕ್ಕೆ ಇಳಿದೆ. ಹೋಗಬೇಕೆನ್ನಿಸಿದಾಗ ಹೋಗು.

ನನಗಿರುವ ಭಯ ಬೇರೆ. ರಜೆ ಮುಗಿದ ಮೇಲೆ ನೀನು ಅದೇ ಹೆರಿಗೆ ವಾರ್ಡಿಗೆ ರಾತ್ರಿ ಪಾಳಿಗೆ ಹೋಗಬೇಕು, ಬೇರೆಯವರ ಕೂಸುಗಳನ್ನು ಮೊದಲು ಕೈಗೆತ್ತಿಕೊಳ್ಳಬೇಕು. ಹೇಗೆ ಎತ್ತಿಕೊಳ್ಳುತ್ತೀಯೋ ಎಂದು ನೆನೆದರೆ ನಿದ್ದೆ ಬರುವುದಿಲ್ಲ. ನನ್ನ ಮಗಳು ನರ್ಸ್ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದವಳು ನಾನು.

ಅಗಸಿ ಹಿಂಡಿ, ಶೇಂಗಾ ಹಿಂಡಿ ಕಳಿಸುತ್ತಿದ್ದೇನೆ. ಪುಸ್ತಕ ಕಳಿಸುತ್ತಿಲ್ಲ, ನೀನು ಕೇಳಿದ ದಿನ ಕಳಿಸುತ್ತೇನೆ. ನಿನ್ನೆ ದೇವಾಲಯದಲ್ಲಿ ಆ ಹಾಡು ಬಂತು. ನಿನ್ನ ಪಾಲಿನದನ್ನೂ ನಾನೇ ಹಾಡಿದೆ. ಶನಿವಾರ ಫೋನ್ ಮಾಡುತ್ತೇನೆ, ಎತ್ತಿಕೋ. ನೀನು ಅತ್ತರೆ ಸುಮ್ಮನೆ ಕೇಳುತ್ತೇನೆ.

ನಿನ್ನ ಅಮ್ಮ