ಆತ್ಮಸಾಕ್ಷಿಯ ಮತ ನಡಾವಳಿಯಲ್ಲಿ ದಾಖಲಾಗಲಿ

ಮಾನ್ಯ ಸಂಪಾದಕರೇ,

ರಾಜ್ಯಸಭೆಯ ಚುನಾವಣೆ ಹತ್ತಿರ ಬಂದಾಗಲೆಲ್ಲ ನಮ್ಮ ಶಾಸಕರ ಬಾಯಲ್ಲಿ ‘ಆತ್ಮಸಾಕ್ಷಿ’ ಎಂಬ ಮಾತು ಕೇಳಿಬರುತ್ತದೆ. ಫಲಿತಾಂಶ ಬಂದ ಮರುದಿನದಿಂದ ಅದರ ಸುದ್ದಿಯೇ ಇರುವುದಿಲ್ಲ. 2024ರ ಫೆಬ್ರುವರಿಯಲ್ಲಿ ಬಿಜೆಪಿಯ ಒಬ್ಬ ಶಾಸಕರು ಎದುರು ಪಕ್ಷದ ಅಭ್ಯರ್ಥಿಗೆ ಮತ ಹಾಕಿದರು, ಇನ್ನೊಬ್ಬರು ಮತಗಟ್ಟೆಗೇ ಹೋಗಲಿಲ್ಲ. ಆ ಕಾರಣಕ್ಕೆ ಇಬ್ಬರ ಶಾಸಕ ಸ್ಥಾನಕ್ಕೂ ಧಕ್ಕೆ ಬರಲಿಲ್ಲ, ಏಕೆಂದರೆ ರಾಜ್ಯಸಭಾ ಚುನಾವಣೆಯ ಮತಕ್ಕೆ ಪಕ್ಷಾಂತರ ನಿಷೇಧ ಕಾಯ್ದೆ ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟ್ 2006ರಲ್ಲಿಯೇ ಹೇಳಿದೆ. ಆದರೆ ಅದೇ ಶಾಸಕರು ಸದನದಲ್ಲಿ, ರೈತರ ಜಮೀನಿನ ಮೇಲೆ ನೇರ ಪರಿಣಾಮ ಬೀರುವ ಮಸೂದೆಯೊಂದಕ್ಕೆ ಪಕ್ಷದ ವಿಪ್, ಅಂದರೆ ಹೀಗೆಯೇ ಮತ ಹಾಕಬೇಕೆಂಬ ಆದೇಶ, ಮೀರಿ ‘ಇಲ್ಲ’ ಎಂದರೆ, ಅಷ್ಟೇಕೆ, ಮತ ಹಾಕದೆ ಸುಮ್ಮನೆ ಕುಳಿತರೂ, ಅನರ್ಹರಾಗಬಹುದು. ಮನಸ್ಸಾಕ್ಷಿ ಎಲ್ಲಿ ಬೇಕೋ ಅಲ್ಲಿ ಅದಕ್ಕೆ ಬೀಗ, ಎಲ್ಲಿ ಅನುಮಾನಕ್ಕೆ ಎಡೆಯಿದೆಯೋ ಅಲ್ಲಿ ಬಾಗಿಲು ತೆರೆದಿದೆ.

ಇದು ನನ್ನ ಮಟ್ಟಿಗೆ ಪುಸ್ತಕದ ವಿಚಾರವಲ್ಲ. ನಮ್ಮ ಮನೆಯ ಟ್ರಂಕಿನಲ್ಲಿ ಗೇಣಿ ಜಮೀನಿನ ಹಕ್ಕು ಕೋರಿ ಅಪ್ಪಯ್ಯ ಡಿಕ್ಲರೇಷನ್ ಹಾಕಿದ ಫಾರಂ ನಂಬರ್ 7ರ ಪ್ರತಿ ಈಗಲೂ ಇದೆ. ಮಡಿಕೆಯಲ್ಲಿ ಹರಿದಿರುವುದರಿಂದ ಅದನ್ನು ಬಿಡಿಸುವಾಗ ಎರಡೂ ಕೈ ಬೇಕು. 1974ರ ಭೂಸುಧಾರಣೆ ತಿದ್ದುಪಡಿ ಬಾರದೇ ಹೋಗಿದ್ದರೆ ನಾವು ಇವತ್ತಿಗೂ ಗೇಣಿ ಅಳೆಯುತ್ತಿದ್ದೆವೋ ಏನೋ. ಆದ್ದರಿಂದ 2020ರಲ್ಲಿ ಅದೇ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು ತೆಗೆದು, ಕೃಷಿಕರಲ್ಲದವರೂ ಜಮೀನು ಕೊಳ್ಳಲು ದಾರಿ ಮಾಡಿಕೊಟ್ಟಾಗ, ಗೃಹಪ್ರವೇಶದ ಊಟವೊಂದರಲ್ಲಿ ಸಿಕ್ಕಿದ ಶಾಸಕರೊಬ್ಬರನ್ನು ಕೇಳಿಯೇಬಿಟ್ಟೆ. ಅವರು ಕೈತೊಳೆಯುತ್ತಾ, “ನನಗೂ ಸರಿ ಕಾಣಲಿಲ್ಲ ಮಾರಾಯ್ರೇ, ಆದರೆ ಪಕ್ಷ ತೀರ್ಮಾನ ಮಾಡಿದ ಮೇಲೆ ನಮ್ಮದೇನಿದೆ?” ಎಂದರು. ಆ ತಿದ್ದುಪಡಿಯನ್ನು ಒಪ್ಪಿದವರು ನಮ್ಮ ನೆರೆಕೆರೆಯಲ್ಲೂ ಇದ್ದಾರೆ, ತೋಟಕ್ಕೆ ಒಳ್ಳೆಯ ಬೆಲೆ ಬಂದೀತೆಂಬ ಅವರ ಲೆಕ್ಕಾಚಾರ ಪೂರ್ತಿ ತಪ್ಪೆಂದು ನಾನು ಹೇಳಲಾರೆ. ಶಾಸಕರು ಅದನ್ನು ಒಪ್ಪಿದ್ದರೂ ನನಗೆ ಅಷ್ಟು ಬೇಸರವಾಗುತ್ತಿರಲಿಲ್ಲ. ಸರಿ ಕಾಣದ್ದಕ್ಕೆ ಹೌದು ಎಂದಿದ್ದನ್ನು ಅಷ್ಟು ಸಲೀಸಾಗಿ ಹೇಳಿದರಲ್ಲ, ಅದು ಮನಸ್ಸಿನಿಂದ ಹೋಗಲಿಲ್ಲ.

ಪಕ್ಷಾಂತರ ನಿಷೇಧ ಕಾಯ್ದೆ ಸುಮ್ಮನೆ ಬಂದದ್ದಲ್ಲ. 1967ರಲ್ಲಿ ಹರಿಯಾಣದ ಶಾಸಕ ಗಯಾ ಲಾಲ್ ಹದಿನೈದು ದಿನದೊಳಗೆ ಮೂರು ಸಲ ಪಕ್ಷ ಬದಲಿಸಿದ ಕತೆ ಎಲ್ಲರಿಗೂ ಗೊತ್ತು. 1985ರಲ್ಲಿ 52ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿದ್ದು ಇಂಥ ಜಿಗಿತಗಳನ್ನು ತಡೆಯಲಿಕ್ಕಾಗಿ. ತಡೆಯಿತೇ? 2019ರಲ್ಲಿ ನಮ್ಮದೇ ವಿಧಾನಸಭೆಯ 17 ಮಂದಿ ಅನರ್ಹರಾದರು, ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದರೂ ಮತ್ತೆ ಸ್ಪರ್ಧಿಸಲು ಅವಕಾಶ ಕೊಟ್ಟಿತು, ಅವರಲ್ಲಿ ಹೆಚ್ಚಿನವರು ಡಿಸೆಂಬರಿನ ಉಪಚುನಾವಣೆಯಲ್ಲಿ ಇನ್ನೊಂದು ಪಕ್ಷದಿಂದ ಗೆದ್ದು ಬಂದರು. ಮೂರನೇ ಎರಡರಷ್ಟು ಶಾಸಕರು ಒಟ್ಟಾಗಿ ಬೇರೆ ಪಕ್ಷದಲ್ಲಿ ವಿಲೀನವಾದರಂತೂ ಕಾಯ್ದೆಯ ತಂಟೆಯೇ ಇಲ್ಲ. ಹೀಗೆ ಮೂಟೆ ಕಟ್ಟಿಕೊಂಡು ಹೊರಡುವವರಿಗೆ ದಾರಿ ಸಿಗುತ್ತದೆ. ಪಕ್ಷದಲ್ಲೇ ಉಳಿದು ಒಂದು ಮಸೂದೆಗೆ ಮಾತ್ರ ಭಿನ್ನಮತ ತೋರುವವರು ಸಿಕ್ಕಿಬೀಳುತ್ತಾರೆ. ಚುನಾವಣಾ ಸುಧಾರಣೆ ಕುರಿತ ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲಿಯೇ, ವಿಪ್ ಮೀರಿದ್ದಕ್ಕೆ ಅನರ್ಹತೆ ವಿಶ್ವಾಸಮತದಂಥ ಸಂದರ್ಭಕ್ಕಷ್ಟೇ ಸೀಮಿತವಾಗಿರಲಿ ಎಂದಿತ್ತು. ಕಾಯ್ದೆಯನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟಿನ 1992ರ ಕಿಹೋಟೊ ಹೊಲ್ಲೊಹಾನ್ ಪ್ರಕರಣದ ತೀರ್ಪು ಕೂಡ, ಸರ್ಕಾರದ ಅಳಿವು ಉಳಿವಿನ ಪ್ರಶ್ನೆಗೆ ಮತ್ತು ಪಕ್ಷ ಜನರ ಮುಂದಿಟ್ಟು ಗೆದ್ದ ಮುಖ್ಯ ಕಾರ್ಯಕ್ರಮಕ್ಕೆ ಮಾತ್ರ ಇಂಥ ನಿರ್ದೇಶನ ಇರಬೇಕೆಂಬ ಎಚ್ಚರಿಕೆ ನೀಡಿತ್ತು. ಆ ಎಚ್ಚರಿಕೆಗೆ ಯಾವ ಪಕ್ಷವೂ ಬೆಲೆ ಕೊಟ್ಟಂತಿಲ್ಲ.

ಆತ್ಮಸಾಕ್ಷಿಯ ಹೆಸರಿನಲ್ಲಿ ರಾಜಕೀಯದ ಆಟ ನಡೆಯುವುದಿಲ್ಲವೇ ಎಂದರೆ, ಖಂಡಿತ ನಡೆಯುತ್ತದೆ. 1969ರ ರಾಷ್ಟ್ರಪತಿ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಅಧಿಕೃತ ಅಭ್ಯರ್ಥಿ ಸಂಜೀವ ರೆಡ್ಡಿಯವರಿದ್ದಾಗಲೂ ಇಂದಿರಾ ಗಾಂಧಿಯವರು ಆತ್ಮಸಾಕ್ಷಿಯ ಮತಕ್ಕೆ ಕರೆಕೊಟ್ಟರು, ವಿ.ವಿ. ಗಿರಿ ಗೆದ್ದರು, ಆಗ ಪಕ್ಷದ ಅಧ್ಯಕ್ಷರಾಗಿದ್ದ ನಮ್ಮ ಎಸ್. ನಿಜಲಿಂಗಪ್ಪನವರ ಕಣ್ಣೆದುರೇ ಪಕ್ಷ ಎರಡಾಯಿತು. ಅದು ಮನಸ್ಸಾಕ್ಷಿಯೋ ಬಲಾಬಲದ ಪರೀಕ್ಷೆಯೋ ಎಂದು ಹಿರಿಯರು ಇಂದಿಗೂ ವಾದಿಸುತ್ತಾರೆ. ಅದು ಗುಪ್ತ ಮತದಾನವಾಗಿತ್ತು ಎಂಬುದು ನನಗೆ ಇಲ್ಲಿ ಮುಖ್ಯವಾಗಿ ಕಾಣುತ್ತದೆ. ಇದಕ್ಕೆ ಬದಲಾಗಿ ಬ್ರಿಟನ್ನನ್ನು ನೋಡಿ: ಅಲ್ಲಿ ಸಾವಿಗೆ ಹತ್ತಿರವಾದ ರೋಗಿಗಳಿಗೆ ವೈದ್ಯಕೀಯ ನೆರವಿನಿಂದ ಜೀವನ ಕೊನೆಗೊಳಿಸಿಕೊಳ್ಳುವ ಅವಕಾಶ ಕೊಡುವ ಮಸೂದೆ 2024ರ ನವೆಂಬರಿನಲ್ಲಿ ಕೆಳಮನೆಯ ಮುಂದೆ ಬಂದಾಗ ಪಕ್ಷಗಳು ವಿಪ್ ನೀಡಲಿಲ್ಲ. ಒಂದೇ ಪಕ್ಷದವರು ಎರಡೂ ಕಡೆ ಹಂಚಿಹೋಗಿ 330ಕ್ಕೆ 275 ಮತಗಳಾದವು, ಯಾರು ಯಾವ ಕಡೆ ಎಂಬುದು ಹೆಸರುಸಹಿತ ದಾಖಲಾಯಿತು, ಸರ್ಕಾರವೇನೂ ಬೀಳಲಿಲ್ಲ.

ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುತ್ತದೆ. ನಮ್ಮ ಪಂಚಾಯಿತಿಯಲ್ಲಿ ಕಸ ವಿಲೇವಾರಿ ಘಟಕವನ್ನು ಹಳ್ಳದ ಪಕ್ಕದ ಜಾಗದಲ್ಲಿ ಮಾಡುವ ಪ್ರಸ್ತಾಪ ಬಂದಾಗ, ತಮ್ಮನ್ನು ಗೆಲ್ಲಿಸಲು ಓಡಾಡಿದವರೇ ಅದರ ಪರವಾಗಿದ್ದರೂ ಸದಸ್ಯೆಯೊಬ್ಬರು ಒಬ್ಬರೇ ವಿರೋಧಿಸಿದರು. ಮಳೆಗಾಲದಲ್ಲಿ ಆ ನೀರು ಕೆಳಗಿನ ಕೇರಿಯ ಬಾವಿಗೆ ಇಳಿಯುತ್ತದೆ ಎಂಬ ಕಾರಣವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ಕೆಳಗೆ ಸಹಿ ಹಾಕಿದರು. ಠರಾವು ಅಂದು ಅಂಗೀಕಾರವಾಯಿತು. ಆದರೂ ಆ ಪುಟ ಅಲ್ಲೇ ಇದೆ, ಬೇಕಾದವರು ಹೋಗಿ ಓದಬಹುದು.

ಸಂವಿಧಾನ ತಿದ್ದುಪಡಿಯಾಗುವವರೆಗೆ ಕಾಯಬೇಕಿಲ್ಲ. ಪ್ರತಿ ಮಸೂದೆಗೂ ವಿಪ್ ಹೊರಡಿಸಲೇಬೇಕೆಂದು ಕಾಯ್ದೆ ಎಲ್ಲೂ ಹೇಳುವುದಿಲ್ಲ, ಅದು ಪಕ್ಷಗಳ ಇಚ್ಛೆಗೆ ಬಿಟ್ಟದ್ದು. ವಿಶ್ವಾಸಮತ ಮತ್ತು ಬಜೆಟ್ಟಿಗೆ ಅವರು ವಿಪ್ ಇಟ್ಟುಕೊಳ್ಳಲಿ. ಇನ್ನುಳಿದ ಕಡೆ ಧ್ವನಿಮತದ ಗದ್ದಲದಲ್ಲಿ ಯಾರ ದನಿ ಯಾವುದೆಂದು ತಿಳಿಯದಂತೆ ಮುಗಿಸುವ ಬದಲು, ಯಾರು ಯಾವ ಕಡೆ ಎಂದು ದಾಖಲಾಗುವ ವಿಭಜನೆ ಮತಕ್ಕೆ ಸದಸ್ಯರು ಒತ್ತಾಯಿಸಲಿ. ಮುಂದಿನ ಸಲ ಅರಣ್ಯ, ಬಗರ್‌ಹುಕುಂ ಅಥವಾ ಜಮೀನಿನ ಮಸೂದೆ ಸದನಕ್ಕೆ ಬಂದಾಗ ಶಿವಮೊಗ್ಗ ಜಿಲ್ಲೆಯ ಶಾಸಕರಲ್ಲಿ ಒಬ್ಬರಾದರೂ ಎದ್ದುನಿಂತು ಆ ಬೇಡಿಕೆ ಇಡಬೇಕು, ತಾವು ಮತ ಹಾಕಿದ್ದಕ್ಕೆ ಕಾರಣವನ್ನು ಅಲ್ಲಿಯೇ ಹೇಳಬೇಕು ಎಂದು ತಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

— ಒಬ್ಬ ಅಡಿಕೆ ಬೆಳೆಗಾರ, ಶಿವಮೊಗ್ಗ ಜಿಲ್ಲೆ