ಕೆಲಸ ಹೋದವರಿಗೆ ಉಪದೇಶ ಬೇಡ

ಸಂಪಾದಕರೇ,

ಯಾರಿಗಾದರೂ ದಿಢೀರನೆ ಕೆಲಸ ಹೋದರೆ ನಾವು ಮೊದಲು ಹೇಳುವುದು 'ಎಲ್ಲಾ ಒಳ್ಳೇದಕ್ಕೇ ಬಿಡಿ' ಅಂತ. ನನಗೂ ಹೇಳಿದ್ದರು, ಮೈ ಉರಿದುಹೋಗಿತ್ತು. 1967ರಲ್ಲಿ ಹೋಮ್ಸ್ ಮತ್ತು ರಾಹೆ ಎಂಬ ಅಮೆರಿಕದ ಮನೋವೈದ್ಯರು ಬದುಕಿನ 43 ಬದಲಾವಣೆಗಳಿಗೆ ಒತ್ತಡದ ಅಂಕ ಕೊಟ್ಟಿದ್ದರು. ಸಂಗಾತಿಯ ಸಾವಿಗೆ 100, ಕೆಲಸ ಹೋದದ್ದಕ್ಕೆ 47, ಮದುವೆಗೆ 50 (ನಗಬೇಡಿ, ನಿಜ!). ಖುಷಿಯ ಬದಲಾವಣೆಯೇ ಇಷ್ಟು ಸುಸ್ತು ಮಾಡುವಾಗ, ಕೆಲಸ ಕಳೆದುಕೊಂಡವರು ನಾಲ್ಕು ದಿನ ಸುಮ್ನೆ ಕೂತರೆ ಅದನ್ನು ಸೋಮಾರಿತನ ಅನ್ನುವುದು ಯಾವ ನ್ಯಾಯ? ನನ್ನನ್ನು ಹಿಡಿದು ನಿಲ್ಲಿಸಿದ್ದು ಸಣ್ಣ ಸಂಗತಿಗಳು: ದಿನಾ ಅದೇ ಹೊತ್ತಿಗೆ ಏಳುವುದು, ಖರ್ಚು ಬರೆದಿಡುವುದು, ಮನೆ ಬದಲಿಸುವಂಥ ದೊಡ್ಡ ತೀರ್ಮಾನ ಮುಂದಕ್ಕೆ ಹಾಕುವುದು. ಗೆಳೆಯನೊಬ್ಬ ಏನೂ ಉಪದೇಶ ಮಾಡದೆ ನನ್ನ ಅರ್ಜಿಯ ತಪ್ಪು ತಿದ್ದಿಕೊಟ್ಟ. ಅವನನ್ನು ಇವತ್ತಿಗೂ ಮರೆತಿಲ್ಲ.

– ಒಬ್ಬ ಓದುಗ